ಕಾಲಿನ ಹೆಬ್ಬೆರಳು ಮಾತ್ರ ಅಲ್ಲಾಡ್ತಿತ್ತು: ಒಂದು ಕಟ್ಟುಹಾವಿನ ಕಡಿತದ ಪೂರ್ತಿ ಕಥೆ

ನಾನು ಐಸಿಯುನಲ್ಲಿ ಸ್ಟಾಫ್ ನರ್ಸ್. ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮಲ್ಲಿ ಕಟ್ಟುಹಾವು ಕಡಿದೋರು ಒಬ್ಬರಾದ್ರೂ ವೆಂಟಿಲೇಟರ್ ಮೇಲೆ ಇದ್ದೇ ಇರ್ತಾರೆ. ಕರಾವಳಿ ಕಡೆಯವರು ಕಡಂಬಳ ಅಂತಾರಲ್ಲ, ಅದೇ ಹಾವು. ಇಷ್ಟು ವರ್ಷ ಇಂಥ ಪೇಷೆಂಟ್‌ಗಳನ್ನ ನೋಡ್ಕೊಂಡ್ರೂ ಆ ವಿಷ ಒಳಗೆ ನಿಜವಾಗ್ಲೂ ಏನು ಮಾಡತ್ತೆ ಅನ್ನೋದು ನನಗೆ ಸರಿಯಾಗಿ ಮನಸ್ಸಿಗೆ ಇಳಿದಿದ್ದು ನಮ್ಮ ವಾರ್ಡಿನಿಂದಲ್ಲ, ಬರ್ಮಾದ ಉತ್ತರ ತುದಿಯ ಒಂದು ಹಳ್ಳಿಯಲ್ಲಿ 2001ರಲ್ಲಿ ಸತ್ತುಹೋದ ಒಬ್ಬ ವಿಜ್ಞಾನಿಯ ಕೇಸಿಂದ. ಆ ಕೇಸನ್ನ ಇಲ್ಲಿ ಪೂರ್ತಿ ಬರೀತಾ ಇದ್ದೀನಿ, ಯಾಕಂದ್ರೆ ಅದರಲ್ಲಿ ಪೇಷೆಂಟೇ ಹಾವಿನ ತಜ್ಞ, ತನ್ನ ಮೈಯಲ್ಲಿ ಮುಂದೆ ಏನಾಗತ್ತೆ ಅಂತ ಮಾತು ನಿಲ್ಲೋಕೆ ಮುಂಚೆನೇ ಸುತ್ತ ಇದ್ದೋರಿಗೆ ಹೇಳಿಟ್ಟಿದ್ದ, ಮತ್ತೆ ಹೆಚ್ಚುಕಮ್ಮಿ ಹಾಗೇ ಆಯ್ತು.

ಅವರ ಹೆಸರು ಜೋ ಸ್ಲೊವಿನ್ಸ್ಕಿ. ಅಮೆರಿಕದವರು, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನಲ್ಲಿ ಹಾವು, ಹಲ್ಲಿ, ಕಪ್ಪೆಗಳ ವಿಭಾಗದ ಕ್ಯುರೇಟರ್. ವಯಸ್ಸು 38. ಬರ್ಮಾದ ಹಾವುಗಳ ಮೇಲೆ ಆ ಕಾಲದಲ್ಲಿ ಅವರಷ್ಟು ಓಡಾಡಿ ಕೆಲಸ ಮಾಡಿದೋರು ಕಡಿಮೆ, ಮಾಂಡಲೆ ಕಡೆಯ ವಿಷ ಉಗುಳೋ ನಾಗರಹಾವನ್ನ ಹೊಸ ಜಾತಿ ಅಂತ 2000ನೇ ಇಸವಿಯಲ್ಲಿ ಇನ್ನೊಬ್ಬ ತಜ್ಞರ ಜೊತೆ ಸೇರಿ ಗುರುತಿಸಿದ್ದೂ ಅವರೇ. ಅಂದ್ರೆ ಹಾವು ಗೊತ್ತಿಲ್ದೆ ಕೈ ಹಾಕಿದ ಮನುಷ್ಯ ಅಲ್ಲ ಅನ್ನೋದನ್ನ ಮೊದಲೇ ಹೇಳ್ಬಿಡ್ತೀನಿ.

2001ರ ಮಳೆಗಾಲದಲ್ಲಿ ಅವರು ಒಂದು ದೊಡ್ಡ ತಂಡ ಕಟ್ಕೊಂಡು ಕಚಿನ್ ರಾಜ್ಯಕ್ಕೆ ಹೋದ್ರು. ಹಿಮಾಲಯದ ಬುಡ, ಪುತಾವೊ ಅನ್ನೋ ಪಟ್ಟಣದಿಂದ ಮುಂದೆ ಕಾಲ್ನಡಿಗೆ, ಸಾಮಾನು ಹೊರೋಕೆ ಕೂಲಿಗಳ ಸಾಲು, ದಿನವಿಡೀ ಮಳೆ, ಕೆಸರು, ಜಿಗಣೆ. ಸೆಪ್ಟೆಂಬರ್ 11ರ ಬೆಳಿಗ್ಗೆ ಅವರು ಇದ್ದಿದ್ದು ರತ್ ಬಾ ಅನ್ನೋ ಹಳ್ಳಿಯಲ್ಲಿ. ಬೆಳಗ್ಗೆ ಸುಮಾರು ಏಳು ಗಂಟೆಗೆ ಬರ್ಮಾದ ಸಹಾಯಕರೊಬ್ಬರು ಹಾವು ಹಿಡಿದು ಹಾಕಿದ್ದ ಒಂದು ಬಟ್ಟೆ ಚೀಲ ತಂದುಕೊಟ್ರು, ಇದು ಡೈನೊಡಾನ್ ಅನ್ನೋ ವಿಷ ಇಲ್ಲದ ಹಾವು ಇರಬೇಕು ಅಂದ್ರು. ಸ್ಲೊವಿನ್ಸ್ಕಿ ಚೀಲದೊಳಗೆ ಕೈ ಹಾಕಿದ್ರು. ಕೈ ಹೊರಗೆ ತೆಗೆದಾಗ ಪೆನ್ಸಿಲ್ ದಪ್ಪದ ಒಂದು ಮರಿ ಹಾವು ಬೆರಳಿಗೆ ಕಚ್ಚಿಕೊಂಡು ನೇತಾಡ್ತಿತ್ತು. ಮೈಮೇಲೆ ಕಪ್ಪು ಬಿಳಿ ಪಟ್ಟಿ. ನೋಡಿದ ತಕ್ಷಣ ಅವರಿಗೆ ಗೊತ್ತಾಯ್ತು, ಡೈನೊಡಾನ್ ಅಲ್ಲ, ಕಟ್ಟುಹಾವು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಇದೇ ತಪ್ಪು ನಮ್ಮೂರಲ್ಲೂ ಆಗತ್ತೆ. ಡೈನೊಡಾನ್ ಅನ್ನೋ ಗುಂಪನ್ನ ಈಗ ತೋಳಹಾವಿನ ಕುಲಕ್ಕೇ ಸೇರಿಸಿದ್ದಾರೆ, ಅಂದ್ರೆ ನಮ್ಮ ಮನೆ ಗೋಡೆ ಸಂದಿಯಲ್ಲಿ ಹಲ್ಲಿ ಹಿಡಿಯೋಕೆ ಬರತ್ತಲ್ಲ ಆ ವಿಷ ಇಲ್ಲದ ತೋಳಹಾವಿನ ಅಣ್ಣತಮ್ಮಂದಿರೇ ಅವು. ನೋಡೋಕೆ ಥೇಟ್ ಕಟ್ಟುಹಾವು. ಕಟ್ಟುಹಾವಿನ ಹತ್ತಿರ ಹೋಗೋಕೂ ಬೇರೆ ಪ್ರಾಣಿ ಹೆದರತ್ತೆ ಅಂತ ಅದರ ವೇಷ ಹಾಕ್ಕೊಂಡು ಬದುಕೋ ಹಾವು. ನಮ್ಮ ಕಡೆ ಹಾವು ಹಿಡಿಯೋರು ಹೇಳೋ ಗುರುತು ಏನಂದ್ರೆ, ಕಟ್ಟುಹಾವಿನ ಬಿಳಿ ಗೆರೆ ಜೋಡಿ ಜೋಡಿಯಾಗಿ ಇದ್ದು ಕತ್ತಿನ ಹತ್ತಿರ ಮಾಸಿಹೋಗತ್ತೆ ಇಲ್ಲಾ ಇರೋದೇ ಇಲ್ಲ, ತೋಳಹಾವಿಗೆ ಕತ್ತಿಂದಲೇ ಪಟ್ಟಿ ಶುರುವಾಗಿ ಬಾಲದ ಕಡೆ ಮಾಸತ್ತೆ, ಮತ್ತೆ ಕಟ್ಟುಹಾವಿನ ಬೆನ್ನ ನಡುವೆ ಉದ್ದಕ್ಕೂ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲು ಇರತ್ತೆ. ಆದ್ರೆ ಟಾರ್ಚ್ ಬೆಳಕಲ್ಲಿ, ಗಾಬರಿಯಲ್ಲಿ, ಮರಿ ಹಾವಿನ ಮೇಲೆ ಇದನ್ನೆಲ್ಲ ಎಣಿಸ್ತಾ ಕೂರೋಕಾಗತ್ತಾ? ಜಗತ್ತಿನ ದೊಡ್ಡ ತಜ್ಞರೇ ಚೀಲದ ಹೊರಗೆ ಹೇಳಿದ ಹೆಸರು ನಂಬಿ ಕೈ ಹಾಕಿದ್ರು. ದಯವಿಟ್ಟು ನೀವು ಹಿಡಿಯೋಕೆ ಹೋಗಬೇಡಿ.

ಆ ಹಾವು ಯಾವ ಜಾತಿ ಅನ್ನೋದರ ಕಥೆ ಬೇರೆ ಇದೆ. ಆಗ ಎಲ್ಲರೂ ಅದನ್ನ ಬಹುಪಟ್ಟಿ ಕಟ್ಟುಹಾವು ಅಂತ ಕರೆದ್ರು, ತೈವಾನ್, ದಕ್ಷಿಣ ಚೀನಾ ಕಡೆಯದು. ಇಪ್ಪತ್ತು ವರ್ಷ ಆದ್ಮೇಲೆ, 2021ರಲ್ಲಿ, ಚೀನಾದ ಯುನ್ನಾನ್ ಮತ್ತೆ ಕಚಿನ್ ಗಡಿಯ ಕಟ್ಟುಹಾವುಗಳನ್ನ ಪರೀಕ್ಷೆ ಮಾಡಿದ ಸಂಶೋಧಕರು ಅದು ಬೇರೆಯೇ ಜಾತಿ ಅಂತ ಹೇಳಿ ಚೀನಾದ ಜನಪದ ಕಥೆಯ ಬಿಳಿ ಹಾವಿನ ಹೆಣ್ಣು ಬೈ ಸುಝೆನ್ ಹೆಸರಿಟ್ರು, ಸ್ಲೊವಿನ್ಸ್ಕಿಯನ್ನ ಕಡಿದಿದ್ದೂ ಬಹುಶಃ ಇದೇ ಅಂದ್ರು. ಅದಕ್ಕೆ ಮುಂಚೆ 2005ರಲ್ಲಿ ವಿಯೆಟ್ನಾಮಿನ ಇನ್ನೊಂದು ಕಟ್ಟುಹಾವಿಗೆ ಸ್ಲೊವಿನ್ಸ್ಕಿಯ ಹೆಸರನ್ನೇ ಇಟ್ಟಿದ್ರು. ಇವೆಲ್ಲದರ ಕುಲನಾಮ ಬಂಗಾರಸ್, ಅದು ಬಂದಿರೋದು ತೆಲುಗಿನ ಬಂಗಾರು ಪದದಿಂದ. ನಮ್ಮ ಬಂಗಾರನೇ. ಮುಂದೆ ಬರೋ ಬಂಗರೋಟಾಕ್ಸಿನ್ ಅನ್ನೋ ವಿಷದ ಹೆಸರಲ್ಲೂ ಅದೇ ಬಂಗಾರ ಕೂತಿದೆ.

ಸರಿ, ಆ ಬೆಳಿಗ್ಗೆಗೆ ವಾಪಸ್ ಬರೋಣ. ಕಚ್ಚಿದ ಬೆರಳಲ್ಲಿ ರಕ್ತ ಇಲ್ಲ, ಬಾವು ಇಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣ್ಲಿಲ್ಲ. ಕಟ್ಟುಹಾವಿನ ಮೋಸ ಇರೋದೇ ಇಲ್ಲಿ. ಕೊಳಕುಮಂಡಲ ಕಡಿದ್ರೆ ಕಾಲು ಕಂಬದ ಥರ ಊದಿ, ಉರಿ ತಡೀಲಾರದೆ ಮನುಷ್ಯ ಕೂಗಾಡ್ತಾನೆ, ಮನೆಯೋರು ತಕ್ಷಣ ಗಾಡಿ ಹತ್ತಿಸ್ತಾರೆ. ಕಟ್ಟುಹಾವಿನ ಹಲ್ಲು ಚಿಕ್ಕದು, ಅದು ಕಡಿದಿದ್ದು ಸೊಳ್ಳೆಯೋ ಇರುವೆಯೋ ಕಚ್ಚಿದ ಹಾಗೆ, ನಿದ್ದೇಲಿದ್ದೋರಿಗೆ ಎಚ್ಚರವೇ ಆಗಲ್ಲ. ಸ್ಲೊವಿನ್ಸ್ಕಿ ಒಂದು ಗಂಟೆ ಹೊತ್ತು ಏನೂ ಆಗಿಲ್ಲ ಅನ್ನೋ ಹಾಗೇ ಇದ್ರು. ಆಮೇಲೆ ಕೈಯಲ್ಲಿ ಜುಮುಜುಮು ಅನ್ನೋಕೆ ಶುರುವಾಯ್ತು.

ಅಷ್ಟೇ ಸಾಕಾಯ್ತು ಅವರಿಗೆ. ತಂಡದೋರನ್ನೆಲ್ಲ ಕರೆದು ಕೂರಿಸ್ಕೊಂಡು ಮುಂದೆ ಏನಾಗತ್ತೆ ಅಂತ ಹೇಳಿದ್ರು: ಒಂದೊಂದೇ ಸ್ನಾಯು ನಿಲ್ಲತ್ತೆ, ಕೊನೆಗೆ ಉಸಿರು ನಿಲ್ಲತ್ತೆ, ಆದ್ರೆ ಪ್ರಜ್ಞೆ ಇರತ್ತೆ, ವಿಷ ಇಳಿಯೋವರೆಗೆ ನೀವು ಬಾಯಿಂದ ಬಾಯಿಗೆ ಉಸಿರು ಕೊಡ್ತಾ ಇದ್ರೆ ನಾನು ಉಳೀಬಹುದು. ಸಹಾಯಕರು ರೇಡಿಯೋ ಇರೋ ಊರಿನ ಕಡೆ ಓಡಿದ್ರು ಹೆಲಿಕಾಪ್ಟರ್ ಕರೆಸೋಕೆ. ತಂಡದ ಹತ್ರ ಈ ಹಾವಿಗೆ ಆಂಟಿವೆನಮ್, ಅಂದ್ರೆ ಹಾವಿನ ವಿಷಕ್ಕೆ ಕೊಡೋ ಮದ್ದು, ಇರ್ಲಿಲ್ಲ.

ಈಗ ವಿಷದ ಕೆಲಸಕ್ಕೆ ಬರ್ತೀನಿ. ನಾವು ಕೈ ಎತ್ತಬೇಕು ಅಂದ್ರೆ ಮಿದುಳಿಂದ ಹೊರಟ ಕರೆಂಟು ಬೆನ್ನುಹುರಿ ದಾಟಿ ನರದ ಉದ್ದಕ್ಕೂ ಓಡಿ ಸ್ನಾಯುವಿನ ಹತ್ರ ಬಂದು ನಿಲ್ಲತ್ತೆ. ನಿಲ್ಲತ್ತೆ ಅಂದೆ, ಯಾಕಂದ್ರೆ ನರ ಸ್ನಾಯುವನ್ನ ಮುಟ್ಟಿರಲ್ಲ, ನಡುವೆ ಒಂದು ಸಂದಿ ಇದೆ, ತಲೆಕೂದಲ ದಪ್ಪವನ್ನ ಸಾವಿರ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲಿಗಿಂತ ಸಣ್ಣದು. ಕರೆಂಟು ಆ ಸಂದಿ ಹಾರೋಕಾಗಲ್ಲ. ಅದಕ್ಕೆ ನರದ ತುದಿಯಲ್ಲಿ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ತುಂಬಿಟ್ಟಿರತ್ತೆ, ಒಂದೊಂದು ಗುಳ್ಳೆಯಲ್ಲೂ ಸಾವಿರಾರು ಅಣು. ಕರೆಂಟು ಬಂದಾಗ ತುದಿಯಲ್ಲಿರೋ ಕ್ಯಾಲ್ಸಿಯಂ ಬಾಗಿಲು ತೆರೆದುಕೊಂಡು ಕ್ಯಾಲ್ಸಿಯಂ ಒಳಗೆ ನುಗ್ಗತ್ತೆ, ಗುಳ್ಳೆಗಳು ಅಂಚಿಗೆ ಬಂದು ಒಡೆದು ಅಸಿಟೈಲ್‌ಕೋಲಿನ್ ಸಂದಿಗೆ ಚೆಲ್ಲತ್ತೆ, ಅದು ಆಚೆ ದಡದಲ್ಲಿರೋ ಸ್ನಾಯುವಿನ ರಿಸೆಪ್ಟರ್‌ಗೆ, ಅಂದ್ರೆ ಅದನ್ನ ಹಿಡ್ಕೊಳ್ಳೋಕೆ ಅಂತಲೇ ಇರೋ ಪ್ರೋಟೀನಿಗೆ, ಹೋಗಿ ಕೂರತ್ತೆ, ಸ್ನಾಯು ಬಿಗಿಯತ್ತೆ. ಕೆಲಸ ಮುಗಿದ ತಕ್ಷಣ ಒಂದು ಎಂಜೈಮ್ ಬಂದು ಅದನ್ನ ಕತ್ತರಿಸಿ ಸಂದಿ ಖಾಲಿ ಮಾಡತ್ತೆ. ದೋಣಿ ದಾಟಿಸೋ ಕಡವಿನ ಥರ ಅಂದ್ಕೊಳ್ಳಿ, ಈ ದಡದಲ್ಲಿ ದೋಣಿ ತುಂಬಬೇಕು, ಆ ದಡದಲ್ಲಿ ಇಳಿಸ್ಕೊಳ್ಳೋಕೆ ಜಾಗ ಇರಬೇಕು.

ಕಟ್ಟುಹಾವಿನ ವಿಷ ಎರಡೂ ದಡ ಕೆಡಿಸತ್ತೆ. ತೈಪೆಯಲ್ಲಿ ಚಾಂಗ್ ಮತ್ತೆ ಲೀ ಅನ್ನೋ ಇಬ್ಬರು ವಿಜ್ಞಾನಿಗಳು 1963ರಲ್ಲಿ ಬಹುಪಟ್ಟಿ ಕಟ್ಟುಹಾವಿನ ವಿಷವನ್ನ ಬೇರೆ ಬೇರೆ ಭಾಗ ಮಾಡಿದಾಗ ಸಿಕ್ಕಿದ್ದು ಆಲ್ಫಾ ಬಂಗರೋಟಾಕ್ಸಿನ್ ಮತ್ತೆ ಬೀಟಾ ಬಂಗರೋಟಾಕ್ಸಿನ್. ಆಲ್ಫಾ ಅನ್ನೋದು 74 ಅಮೈನೋ ಆಮ್ಲದ ಪುಟ್ಟ ಪ್ರೋಟೀನು, ಮೂರು ಬೆರಳು ಚಾಚಿದ ಆಕಾರ. ಅದು ಹೋಗಿ ಸ್ನಾಯುವಿನ ರಿಸೆಪ್ಟರ್ ಮೇಲೆ, ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗದಲ್ಲೇ ಕೂತ್ಬಿಡತ್ತೆ, ಮತ್ತೆ ಏಳೋದೇ ಇಲ್ಲ ಅನ್ನೋಷ್ಟು ಗಟ್ಟಿಯಾಗಿ. ಬೀಗದೊಳಗೆ ಮುರಿದ ಬೀಗದ ಕೈ ಸಿಕ್ಕಿಹಾಕ್ಕೊಂಡ ಹಾಗೆ.

(ಇಷ್ಟು ಗಟ್ಟಿಯಾಗಿ ಅಂಟತ್ತೆ ಅನ್ನೋದೇ ಮುಂದೆ ಮನುಷ್ಯರಿಗೆ ಉಪಕಾರ ಆಯ್ತು. ಈ ಥರದ ಹಾವಿನ ವಿಷಗಳನ್ನೇ ಗಾಳ ಮಾಡ್ಕೊಂಡು ವಿಜ್ಞಾನಿಗಳು ಕರೆಂಟು ಹೊಡೆಯೋ ಮೀನುಗಳ ಅಂಗದಿಂದ ಆ ರಿಸೆಪ್ಟರ್ ಬೇರ್ಪಡಿಸಿದ್ರು, 1973ರಲ್ಲಿ ಅದನ್ನ ಮೊಲಗಳಿಗೆ ಚುಚ್ಚಿ ನೋಡಿದಾಗ ಮೊಲಗಳು ಸೋತು ಕುಸಿದವು, ಆಗ ಗೊತ್ತಾಯ್ತು ಮಯಸ್ತೀನಿಯಾ ಗ್ರೇವಿಸ್ ಅನ್ನೋ ಸ್ನಾಯು ಸೋಲೋ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಈ ರಿಸೆಪ್ಟರ್ ಮೇಲೆ ದಾಳಿ ಮಾಡತ್ತೆ ಅಂತ. ಇವತ್ತು ಆ ಕಾಯಿಲೆಯೋರು ಮಾತ್ರೆ ನುಂಗಿ ಕೆಲಸಕ್ಕೆ ಹೋಗ್ತಿದ್ದಾರೆ ಅಂದ್ರೆ ಆ ದಾರಿಯಲ್ಲಿ ಒಂದು ಕಟ್ಟುಹಾವೂ ಇದೆ.)

ಆದ್ರೆ ಮನುಷ್ಯನ ಮಟ್ಟಿಗೆ ನಿಜವಾದ ಕಷ್ಟ ಕೊಡೋದು ಬೀಟಾ. ಅದು ಎರಡು ತುಂಡು ಜೋಡಿಸಿದ ಪ್ರೋಟೀನು. ಒಂದು ತುಂಡು ನರದ ತುದಿಯ ಪೊಟ್ಯಾಸಿಯಂ ಬಾಗಿಲು ಹುಡುಕಿ ಹಿಡ್ಕೊಳ್ಳತ್ತೆ, ಇನ್ನೊಂದು ತುಂಡು ಫಾಸ್ಫೋಲಿಪೇಸ್ ಅನ್ನೋ ಎಂಜೈಮ್, ಜೀವಕೋಶದ ಕೊಬ್ಬಿನ ಪೊರೆಯನ್ನೇ ಕತ್ತರಿಸೋದು ಅದರ ಕಸುಬು. ಹಿಡ್ಕೊಂಡ ಜಾಗದಲ್ಲಿ ಅದು ಪೊರೆ ಕೊರೀತಾ ಹೋಗತ್ತೆ. ಕ್ಯಾಲ್ಸಿಯಂ ಬೇಕಾಬಿಟ್ಟಿ ಒಳಗೆ ನುಗ್ಗತ್ತೆ, ಗುಳ್ಳೆಗಳೆಲ್ಲ ಒಂದೇ ಸಮ ಖಾಲಿಯಾಗ್ತವೆ, ಹೊಸ ಗುಳ್ಳೆ ತುಂಬೋಕೆ ಆಗಲ್ಲ, ಜೀವಕೋಶಕ್ಕೆ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾ ಊದಿ ಒಡೀತವೆ, ಕೊನೆಗೆ ನರದ ತುದಿಯೇ ಕರಗಿ ಹೋಗತ್ತೆ. ನರದ ಮೇಲಿನ ಉದ್ದ ದಾರಿ ಸರಿ ಇರತ್ತೆ, ಸ್ನಾಯುವೂ ಸರಿ ಇರತ್ತೆ, ನಡುವಿನ ಆ ತುದಿ ಮಾತ್ರ ಇಲ್ಲ.

ಇಲಿಗಳಲ್ಲಿ ಇದನ್ನ ಮೈಕ್ರೋಸ್ಕೋಪಿನಲ್ಲಿ ಹಂತ ಹಂತವಾಗಿ ನೋಡಿದ್ದಾರೆ. ಒಂದೇ ದಿನದೊಳಗೆ ಸ್ನಾಯುಗಳ ಮೇಲಿದ್ದ ನರದ ತುದಿಗಳು ನಾಶ ಆಗ್ತವೆ, ಆಮೇಲೆ ಉಳಿದ ನರದಿಂದ ಹೊಸ ತುದಿ ಚಿಗುರೊಡೆದು ಅದೇ ಹಳೇ ಜಾಗ ಹುಡುಕ್ಕೊಂಡು ಹೋಗಿ ಕೂರತ್ತೆ, ಸುಮಾರು ಐದನೇ ದಿನದ ಹೊತ್ತಿಗೆ ಹೆಚ್ಚಿನ ಸ್ನಾಯುಗಳಿಗೆ ಮತ್ತೆ ಸಂಪರ್ಕ ಬಂದಿರತ್ತೆ. ಇದನ್ನ ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತ್ಕೊಂಡೆ. ನಮ್ಮ ಪೇಷೆಂಟ್‌ಗಳು ಮೂರು ದಿನ, ಐದು ದಿನ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ವೆಂಟಿಲೇಟರ್ ಮೇಲೆ ಕಲ್ಲಿನ ಥರ ಮಲಗಿದ್ದು ಒಂದಿನ ಇದ್ದಕ್ಕಿದ್ದಂತೆ ಹುಬ್ಬು ಎತ್ತೋಕೆ ಯಾಕೆ ಶುರು ಮಾಡ್ತಾರೆ ಅನ್ನೋದಕ್ಕೆ ಉತ್ತರ ಇದು. ಯಾವ ಇಂಜೆಕ್ಷನ್ನೂ ಅವರನ್ನ ಎಬ್ಬಿಸಿದ್ದಲ್ಲ. ನರದ ತುದಿ ಬೆಳೀತು, ಅಷ್ಟೇ. ನಾವು ಮಾಡಿದ್ದು ಅಲ್ಲಿವರೆಗೆ ಉಸಿರು ನಿಲ್ಲದಂಗೆ ನೋಡ್ಕೊಂಡಿದ್ದು.

ಆಂಟಿವೆನಮ್ ಬೇಡ ಅಂತ ನಾನು ಹೇಳ್ತಿಲ್ಲ, ತಪ್ಪಾಗಿ ತಿಳ್ಕೊಬೇಡಿ. ರಕ್ತದಲ್ಲಿ ಓಡಾಡ್ತಿರೋ ವಿಷವನ್ನ ಹಿಡಿದು ಹಾಕೋದು ಅದೇ, ಎಷ್ಟು ಬೇಗ ಕೊಟ್ರೆ ಅಷ್ಟು ನರ ಉಳಿಯತ್ತೆ. ನಮ್ಮ ದೇಶದ ಆಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿರೋದು. ಆದ್ರೆ ಒಂದ್ಸಲ ವಿಷ ನರದೊಳಗೆ ಕೆಲಸ ಶುರು ಮಾಡಿದ್ಮೇಲೆ ಆಂಟಿವೆನಮ್ ಹೋಗಿ ಮುರಿದಿದ್ದನ್ನ ಜೋಡಿಸಲ್ಲ. ನಾಗರಹಾವು ಕಡಿದಾಗ ವಿಷ ಕೂರೋದು ಮುಖ್ಯವಾಗಿ ಆಚೆ ದಡದಲ್ಲಿ, ಅದಕ್ಕೇ ನಿಯೋಸ್ಟಿಗ್ಮಿನ್ ಅನ್ನೋ ಇಂಜೆಕ್ಷನ್ ಕೊಟ್ರೆ ಅಸಿಟೈಲ್‌ಕೋಲಿನ್ ಕತ್ತರಿಸೋ ಎಂಜೈಮ್ ನಿಂತು, ಸಂದಿಯಲ್ಲಿ ಅದು ಜಾಸ್ತಿಯಾಗಿ, ಎಷ್ಟೋ ಜನ ಅರ್ಧ ಗಂಟೆಯಲ್ಲಿ ಕಣ್ಣು ಬಿಡ್ತಾರೆ. ಕಟ್ಟುಹಾವು ಕಡಿದೋರಿಗೆ ಅದೇ ಇಂಜೆಕ್ಷನ್ ಕೊಟ್ರೆ ಸಾಮಾನ್ಯವಾಗಿ ಏನೂ ಆಗಲ್ಲ. ಈಚೆ ದಡದಲ್ಲಿ ಚೆಲ್ಲೋಕೇ ಏನಿಲ್ಲ ಅಂದ್ರೆ ಉಳಿಸಿಡೋದು ಏನನ್ನ?

ರತ್ ಬಾದಲ್ಲಿ ಆ ಬೆಳಿಗ್ಗೆ ನಡೆದಿದ್ದು ಇದೇ ಕ್ರಮದಲ್ಲಿ. ಮೊದಲು ಹೋಗೋದು ಕಣ್ಣು. ರೆಪ್ಪೆ ಎತ್ತೋ ಸ್ನಾಯು, ಕಣ್ಣುಗುಡ್ಡೆ ತಿರುಗಿಸೋ ಸ್ನಾಯು ಸಣ್ಣವು, ಎಡೆಬಿಡದೆ ಕೆಲಸ ಮಾಡೋವು, ಅವುಗಳ ಹತ್ರ ಹೆಚ್ಚುವರಿ ದಾಸ್ತಾನು ಕಡಿಮೆ. ಪೇಷೆಂಟ್ ನಿದ್ದೆ ಬರ್ತಿದೆ ಅಂತಾರೆ, ರೆಪ್ಪೆ ಜಾರತ್ತೆ, ಎದುರಿಗಿರೋದು ಎರಡೆರಡಾಗಿ ಕಾಣತ್ತೆ. ಆಮೇಲೆ ನಾಲಿಗೆ, ಗಂಟಲು. ಮಾತು ತೊದಲತ್ತೆ, ಎಂಜಲು ನುಂಗೋಕಾಗದೆ ಬಾಯಲ್ಲೇ ತುಂಬ್ಕೊಳ್ಳತ್ತೆ. ಆಮೇಲೆ ಕತ್ತು, ದಿಂಬಿನಿಂದ ತಲೆ ಎತ್ತೋಕಾಗಲ್ಲ. ಆಮೇಲೆ ಪಕ್ಕೆಲುಬಿನ ಸ್ನಾಯು, ಕೊನೆಗೆ ವಪೆ, ಅಂದ್ರೆ ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು. ಸ್ಲೊವಿನ್ಸ್ಕಿ ಮಾತು ನಿಂತ ಮೇಲೂ ಬರೆದು ತಿಳಿಸ್ತಿದ್ರು, ಆಮೇಲೆ ಕೈಯೂ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಸ್ವಂತ ಉಸಿರು ಸಾಲದೆ ಹೋಯ್ತು, ತಂಡದೋರು ಸರದಿ ಮೇಲೆ ಬಾಯಿಗೆ ಬಾಯಿ ಇಟ್ಟು ಊದೋಕೆ ಶುರು ಮಾಡಿದ್ರು. ಸಾಕಾ, ಇನ್ನೂ ಜೋರಾಗಿ ಬೇಕಾ ಅಂತ ಕೇಳಿದ್ರೆ ಅವರು ಕಾಲಿನ ಹೆಬ್ಬೆರಳು ಅಲ್ಲಾಡಿಸಿ ಉತ್ತರ ಕೊಡ್ತಿದ್ರು. ಇಡೀ ಮೈಯಲ್ಲಿ ಉಳಿದಿದ್ದು ಆ ಒಂದು ಬೆರಳಿನ ಚಲನೆ. ಅಂದ್ರೆ ಒಳಗೆ ಮನುಷ್ಯ ಪೂರ್ತಿ ಎಚ್ಚರ ಇದ್ದ, ಕೇಳಿಸ್ಕೊಳ್ತಿದ್ದ, ಲೆಕ್ಕ ಹಾಕ್ತಿದ್ದ. ಈ ವಿಷದ ಪ್ರೋಟೀನುಗಳು ರಕ್ತದಿಂದ ಮಿದುಳಿಗೆ ದಾಟೋದಿಲ್ಲ, ಅದರ ಹೊಡೆತ ಎಲ್ಲ ಹೊರಗಿನ ನರದ ತುದಿಗೆ.

ಸಂಜೆ ಆಯ್ತು, ರಾತ್ರಿ ಆಯ್ತು. ಅದೇ ಸಂಜೆ, ಬರ್ಮಾದಲ್ಲಿ ಏಳೂಕಾಲು ಗಂಟೆ ಇರಬೇಕಾದ್ರೆ, ನ್ಯೂಯಾರ್ಕಿನಲ್ಲಿ ಮೊದಲ ವಿಮಾನ ಗೋಪುರಕ್ಕೆ ಬಡೀತು. ಹೌದು, ಅದೇ ಸೆಪ್ಟೆಂಬರ್ 11. ಈ ಹಳ್ಳಿಯಲ್ಲಿ ಅಮೆರಿಕದೋರು, ಚೀನಾದೋರು, ಬರ್ಮಾದೋರು ಒಂದೇ ಮನುಷ್ಯನಿಗೆ ಸರದಿ ಮೇಲೆ ಉಸಿರು ಊದ್ತಾ ಕೂತಿದ್ರು. ಹೆಲಿಕಾಪ್ಟರ್‌ಗೆ ಮಳೆ, ಮೋಡ ದಾರಿ ಕೊಡ್ಲಿಲ್ಲ. ಇಡೀ ರಾತ್ರಿ ಊದಿದ್ರು, ಮಾರನೇ ದಿನವೂ ಊದಿದ್ರು. 12ನೇ ತಾರೀಖು ಮಧ್ಯಾಹ್ನದ ಹೊತ್ತಿಗೆ ಸ್ಲೊವಿನ್ಸ್ಕಿ ತೀರಿಕೊಂಡ್ರು. ಕಚ್ಚಿ ಹತ್ತಿರ ಹತ್ತಿರ 29 ಗಂಟೆ.

ಅವರ ಲೆಕ್ಕ ತಪ್ಪಿರಲಿಲ್ಲ ಅನ್ನೋದು ನನ್ನ ನಂಬಿಕೆ, ಸಾಮಾನು ಇರಲಿಲ್ಲ. ನಾವು ಬಿಡೋ ಉಸಿರಲ್ಲಿ ಇನ್ನೂ ಸುಮಾರು 16 ಪರ್ಸೆಂಟ್ ಆಕ್ಸಿಜನ್ ಇರತ್ತೆ, ಅದು ಜೀವ ಹಿಡಿದಿಡೋಕೆ ಸಾಕು. ಕಷ್ಟ ಬೇರೆ ಕಡೆ. ಗಂಟಲ ಸ್ನಾಯು ಸತ್ತಿರೋದ್ರಿಂದ ಎಂಜಲು, ವಾಂತಿ ನೇರ ಶ್ವಾಸಕೋಶಕ್ಕೆ ಜಾರತ್ತೆ, ಊದಿದ ಗಾಳಿ ಅರ್ಧ ಹೊಟ್ಟೆಗೆ ಹೋಗತ್ತೆ, ಹೊಟ್ಟೆ ಉಬ್ಬಿದಷ್ಟೂ ವಾಂತಿ ಹೆಚ್ಚು, ಊದೋರಿಗೂ ಸುಸ್ತು. ಗಂಟಲೊಳಗೆ ಒಂದು ಟ್ಯೂಬು ಹಾಕಿ ಅದಕ್ಕೆ ಒಂದು ಆಂಬು ಬ್ಯಾಗ್, ಅಂದ್ರೆ ಗಾಳಿ ಊದೋ ಚೀಲ, ಸಿಕ್ಕಿಸಿ ಕೈಯಿಂದ ಒತ್ತುತ್ತಾ ಇದ್ರೆ ಈ ಎಲ್ಲಾ ತೊಂದರೆಗಳಲ್ಲಿ ಹೆಚ್ಚಿನವು ನಿಂತುಹೋಗ್ತವೆ. ಇದು ಬಾಯಿಮಾತಲ್ಲ, 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಬಂದು ನೂರಾರು ಜನರ ಉಸಿರಿನ ಸ್ನಾಯು ನಿಂತಾಗ, ಕುತ್ತಿಗೆಯಲ್ಲಿ ಟ್ಯೂಬು ಇಟ್ಟು ಸುಮಾರು 1500 ಮೆಡಿಕಲ್ ಸ್ಟೂಡೆಂಟ್‌ಗಳು ಸರದಿ ಮೇಲೆ ಕೂತು ಕೈಯಲ್ಲೇ ರಬ್ಬರ್ ಚೀಲ ಒತ್ತಿ ವಾರಗಟ್ಟಲೆ ಜನರನ್ನ ಉಳಿಸಿದ್ರು. ನಾವಿವತ್ತು ಐಸಿಯು ಅಂತ ಕರೆಯೋದು ಹುಟ್ಟಿದ್ದೇ ಅಲ್ಲಿಂದ. ರತ್ ಬಾದಲ್ಲಿ ಇದ್ದಿದ್ದೂ ಅದೇ ಮನಸ್ಸು, ಟ್ಯೂಬು, ಚೀಲ ಎರಡು ಮಾತ್ರ ಇರ್ಲಿಲ್ಲ.

ನಮ್ಮ ಕಡೆ ಇರೋದು ಬೇರೆ ಥರದ ತೊಂದರೆ. ಟ್ಯೂಬು, ಚೀಲ ಇವೆ, ಪೇಷೆಂಟೇ ತಡವಾಗಿ ಬರ್ತಾರೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತೋರು ಸುಮಾರು 12 ಲಕ್ಷ ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು, ವರ್ಷಕ್ಕೆ ಸರಾಸರಿ 58,000. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಆಸ್ಪತ್ರೆಗಳು ವರದಿ ಮಾಡಲೇಬೇಕಾದ ವಿಷಯ ಅಂತ ಮಾಡಿತು, ಅದು ಬಹಳ ಮುಂಚೆನೇ ಆಗಬೇಕಿತ್ತು. ಕಟ್ಟುಹಾವು ರಾತ್ರಿ ಸಂಚಾರಿ, ನೆಲದ ಮೇಲೆ ಮಲಗೋ ಬಡವರ ಹಾಸಿಗೆ ಹತ್ರ ಬರತ್ತೆ. ಕಡಿದಿದ್ದು ಗೊತ್ತಾಗಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳ್ತಾರೆ, ವಾಂತಿ ಬಂದಂಗೆ ಆಗತ್ತೆ, ಗಂಟಲು ಹಿಡಿದಂಗೆ ಆಗತ್ತೆ. ಹಾವು ಅಂತ ಯಾರಿಗೆ ಹೊಳೀಬೇಕು?

ನಮ್ಮಲ್ಲಿಗೆ ಬಂದ ಒಬ್ಬ ತಾಯಿಯನ್ನ ನಾನು ಮರೆಯೋಕಾಗಲ್ಲ. ಐವತ್ತರ ಆಸುಪಾಸು, ಕೂಲಿ ಮಾಡೋರು. ರಾತ್ರಿ ನೆಲದ ಮೇಲೆ ಚಾಪೆ ಹಾಸ್ಕೊಂಡು ಮಲಗಿದ್ರಂತೆ, ನಾಲ್ಕು ಗಂಟೆಗೆ ಹೊಟ್ಟೆ ಹಿಡ್ಕೊಂಡು ಎದ್ರಂತೆ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಎಂಟು ಗಂಟೆಗೆ ಮಗಳು ನೋಡಿದಾಗ ಅಮ್ಮನ ರೆಪ್ಪೆ ಅರ್ಧ ಮುಚ್ಚಿದೆ, ಕಾಫಿ ಕುಡಿಸಿದ್ರೆ ಮೂಗಿಂದ ವಾಪಸ್ ಬರ್ತಿದೆ. 108ರಲ್ಲಿ ನಮ್ಮಲ್ಲಿಗೆ ಬರೋವಾಗ ಉಸಿರು ನಿಲ್ಲೋ ಹಂತ, ಆಂಬುಲೆನ್ಸಿನ ಹುಡುಗ ದಾರಿಯುದ್ದಕ್ಕೂ ಆಂಬು ಬ್ಯಾಗ್ ಒತ್ಕೊಂಡು ಬಂದಿದ್ದ, ಅವನ ಬೆರಳು ಬಿಳಿಚಿಕೊಂಡು ಮಡಚ್ಕೊಂಡಿದ್ದು ನೋಡಿದೀನಿ. ಮೈಯಲ್ಲಿ ಎಲ್ಲೂ ಗುರುತಿಲ್ಲ. ರಕ್ತ ಹೆಪ್ಪುಗಟ್ಟೋ ಇಪ್ಪತ್ತು ನಿಮಿಷದ ಟೆಸ್ಟ್ ನಾರ್ಮಲ್, ಅಂದ್ರೆ ಕೊಳಕುಮಂಡಲದ ಥರ ರಕ್ತ ಕೆಡಿಸೋ ವಿಷದ ಗುರುತೂ ಇಲ್ಲ. ನಮ್ಮ ಡಾಕ್ಟರು ರೆಪ್ಪೆ ಎತ್ತಿ ನೋಡಿ, ನೆಲದಲ್ಲಿ ಮಲಗಿದ್ರಾ ಅಂತ ಒಂದೇ ಪ್ರಶ್ನೆ ಕೇಳಿ ಆಂಟಿವೆನಮ್ ಹತ್ತು ವಯಲ್ ಶುರು ಮಾಡಿಸಿದ್ರು, ಟ್ಯೂಬು ಹಾಕಿದ್ರು.

ಮಾರನೇ ದಿನ ಆ ತಾಯಿ ಕಣ್ಣಿನ ಪಾಪೆ ದೊಡ್ಡದಾಗಿ ನಿಂತುಬಿಟ್ಟಿತ್ತು, ಟಾರ್ಚ್ ಬಿಟ್ರೆ ಕುಗ್ಗಲ್ಲ, ಚಿವುಟಿದ್ರೆ ಮಿಸುಕಲ್ಲ, ಕೆಮ್ಮಿಲ್ಲ. ಪುಸ್ತಕದ ಪ್ರಕಾರ ನೋಡಿದ್ರೆ ಮಿದುಳು ಸತ್ತ ಮನುಷ್ಯರ ಗುರುತು. ಇದೇ ಕಾರಣಕ್ಕೆ ಕಟ್ಟುಹಾವಿನ ಪೇಷೆಂಟನ್ನ ಬ್ರೈನ್ ಡೆತ್ ಅಂತ ತಿಳ್ಕೊಂಡ ಉದಾಹರಣೆಗಳು ವೈದ್ಯಕೀಯ ವರದಿಗಳಲ್ಲೇ ಇವೆ. ವಿಷ ಪಾಪೆಯ ನರವನ್ನೂ ಹಿಡಿದಿರತ್ತೆ, ಮಿದುಳು ಒಳಗೆ ಸರಿ ಇರತ್ತೆ. ಆವತ್ತು ಸಂಬಂಧಿಕರೊಬ್ಬರು ಬೆಡ್ ಪಕ್ಕದಲ್ಲೇ ನಿಂತು, ಸಿಸ್ಟರ್, ಜೀವ ಹೋಗಿದೆ ಅಲ್ವಾ, ಮಿಷನ್ ತೆಗೆಸಿ ಊರಿಗೆ ತಗೊಂಡು ಹೋಗ್ತೀವಿ ಅಂದ್ರು. ಮಾನಿಟರಿನಲ್ಲಿ ಪಲ್ಸ್ 90 ಇದ್ದಿದ್ದು 130ಕ್ಕೆ ಏರಿತು. ನಾನು ಅವರನ್ನ ಆಚೆ ಕರ್ಕೊಂಡು ಹೋಗಿ ಕೈ ಮುಗಿದು ಹೇಳಿದೆ, ಅಮ್ಮನಿಗೆ ಎಲ್ಲ ಕೇಳಿಸ್ತಿದೆ, ದಯವಿಟ್ಟು ಅವರ ಮುಂದೆ ಹಾಗೆ ಮಾತಾಡಬೇಡಿ ಅಂತ.

ನಾಲ್ಕನೇ ದಿನ ರಾತ್ರಿ ಡ್ಯೂಟಿಯಲ್ಲಿ ಬೆಡ್‌ಶೀಟ್ ಸರಿ ಮಾಡೋವಾಗ ಅವರ ಬಲಗಾಲಿನ ಹೆಬ್ಬೆರಳು ಒಂಚೂರು ಮಡಚ್ಕೊಂಡಿದ್ದು ಕಂಡೆ. ಅಮ್ಮಾ ಇನ್ನೊಂದ್ಸಲ ಮಾಡಿ ಅಂದೆ. ಮಾಡಿದ್ರು. ರತ್ ಬಾದ ಬೆರಳು ನೆನಪಾಗಿ ನನಗೆ ಅಲ್ಲೇ ಅಳು ಬಂತು. ಏಳನೇ ದಿನ ಟ್ಯೂಬು ತೆಗೆದ್ರು. ಗಂಟಲು ಒಡೆದ ದನಿಯಲ್ಲಿ ಅವರು ಮೊದಲು ಕೇಳಿದ್ದು, ಮಿಷನ್ ತೆಗೆಸ್ತೀನಿ ಅಂದೋನು ಎಲ್ಲಿ ಅಂತ.

ಈಗ ಬೆಂಗಳೂರಿನ ಐಐಎಸ್‌ಸಿಯ ವಿಷ ಸಂಶೋಧನಾ ಲ್ಯಾಬ್ ಅಮೆರಿಕದೋರ ಜೊತೆ ಸೇರಿ ಮನುಷ್ಯರ ಆಂಟಿಬಾಡಿಯನ್ನೇ ಲ್ಯಾಬಿನಲ್ಲಿ ತಯಾರಿಸಿ, ನಾಗರ ಮತ್ತೆ ಕಟ್ಟುಹಾವಿನ ಬಳಗದ ಆಲ್ಫಾ ಥರದ ಮೂರು ಬೆರಳ ವಿಷಗಳನ್ನ ತಡೆಯತ್ತೆ ಅಂತ 2024ರಲ್ಲಿ ಇಲಿಗಳಲ್ಲಿ ತೋರಿಸಿದೆ. ಬಹಳ ಒಳ್ಳೆ ಸುದ್ದಿ. ಬೀಟಾ ಬೇರೆ ಜಾತಿಯ ವಿಷ, ಅದಕ್ಕೆ ಬೇರೆ ಆಂಟಿಬಾಡಿ ಬೇಕು. ಅಲ್ಲಿವರೆಗೆ ಮಂಚ ಇಲ್ಲದಿದ್ರೂ ಸೊಳ್ಳೆಪರದೆ ಕಟ್ಟಿ ಅಂಚನ್ನ ಚಾಪೆ ಕೆಳಗೆ ಸಿಕ್ಕಿಸಿ ಮಲಗಿ. ಬೆಳಗಿನ ಜಾವದ ಹೊಟ್ಟೆನೋವಿನ ಜೊತೆ ರೆಪ್ಪೆ ಜಾರ್ತಿದ್ರೆ, ಗುರುತು ಹುಡುಕ್ತಾ ಕೂರದೆ ವೆಂಟಿಲೇಟರ್ ಇರೋ ಆಸ್ಪತ್ರೆಗೆ ಹೊರಡಿ. ಹಗ್ಗ ಬಿಗಿಯೋದು, ಬ್ಲೇಡಲ್ಲಿ ಕೊಯ್ಯೋದು, ಬೇರು ಅರೆದು ಕುಡಿಸೋದು ಬೇಡ, ನುಂಗೋಕಾಗದ ಗಂಟಲಿಗೆ ಹಾಕಿದ್ದು ಶ್ವಾಸಕೋಶಕ್ಕೇ ಹೋಗೋದು. ಎಡಮಗ್ಗುಲಿಗೆ ಮಲಗಿಸಿ ಕರ್ಕೊಂಡು ಬನ್ನಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸೋವಾಗ ಗಾಡಿಯಲ್ಲಿ ಆಂಬು ಬ್ಯಾಗ್ ಇದ್ಯಾ, ಒತ್ತೋಕೆ ಬರೋರು ಜೊತೆಗೆ ಬರ್ತಾರಾ ಅಂತ ಬಾಯಿಬಿಟ್ಟು ಕೇಳಿ.

ನಮ್ಮ ಐಸಿಯುನಲ್ಲಿ ಈಗ ಕಟ್ಟುಹಾವಿನ ಪೇಷೆಂಟ್ ಬಂದ್ರೆ ನಾವು ಸಿಸ್ಟರ್‌ಗಳು ಪ್ರತಿ ಶಿಫ್ಟಿನಲ್ಲೂ ಹತ್ರ ಹೋಗಿ ಇವತ್ತು ಯಾವ ವಾರ, ಗಂಟೆ ಎಷ್ಟು, ಹೊರಗೆ ಯಾರು ಬಂದಿದ್ದಾರೆ, ಎಷ್ಟನೇ ದಿನ ಅಂತ ಹೇಳ್ತೀವಿ. ಮುಚ್ಚದ ರೆಪ್ಪೆ ಒಣಗದಂಗೆ ಡ್ರಾಪ್ಸ್ ಹಾಕಿ ಟೇಪ್ ಹಚ್ಚೋಕೆ ಮುಂಚೆ, ಟೇಪ್ ಹಚ್ತಿದೀನಿ, ಕತ್ತಲೆ ಆಗತ್ತೆ, ಹೆದರ್ಕೋಬೇಡಿ ಅಂತೀವಿ. ಆಮೇಲೆ ಕಾಲಿನ ಹತ್ರ ಹೋಗಿ ಬೆಡ್‌ಶೀಟ್ ಸರಿಸಿ ಬೆರಳು ನೋಡ್ತೀವಿ.